ದಾರಿ ಬಿಟ್ಟವನು

ದೇಶದ ಅಂಗಿ ತೊಟ್ಟು ನಾನು ಓಡಿದ್ದು ಒಂದೇ ಒಂದು ಸಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಜೂನಿಯರ್ ಕೂಟದ ಸಾವಿರದೈನೂರು ಮೀಟರ್ ಹೀಟ್ಸ್‌ನಲ್ಲಿ. ಮೊದಲ ಮೂವರಿಗೆ ನೇರವಾಗಿ ಫೈನಲ್. ಮುಂದಿನ ಕೂಟದ ಹೊತ್ತಿಗೆ ನನಗೆ ವಯಸ್ಸು ಮೀರಿರುತ್ತಿತ್ತು, ಹಾಗಾಗಿ ಇನ್ನೊಂದು ಅವಕಾಶದ ಮಾತೇ ಇರಲಿಲ್ಲ. ನಾನು ಐದನೆಯವನಾದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೆದ್ದ ಕಥೆ ಬೇಕೆನ್ನುವವರು ಬೇರೆ ಕಡೆ ನೋಡಿಕೊಳ್ಳಬಹುದು.

ನಾನು ಓಟ ಕಲಿತದ್ದು ವಿಜಯನಗರದ ಕಡೆಯ ಒಂದು ಮಣ್ಣಿನ ಮೈದಾನದಲ್ಲಿ. ನಮ್ಮ ಮನೆ ಶ್ರೀಗಂಧದ ಕಾವಲಿನಲ್ಲಿ. ಬೆಳಗ್ಗೆ ಐದೂವರೆಗೆ ಅಪ್ಪ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದರು. ಕಲಿಸುತ್ತಿದ್ದವರು ಹೊಸಹಳ್ಳಿಯ ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ಟ್ರ್ಯಾಕು ಅಂದರೆ ಅವರೇ ಸುಣ್ಣದ ಪುಡಿಯಲ್ಲಿ ಎಳೆದ ಒಂದು ಗೆರೆ. ಆ ಗೆರೆಯ ಸುತ್ತ ನಾವು ಎಂಟು ಹುಡುಗರು ಮಾತ್ರವಲ್ಲ, ಅರ್ಧ ವಿಜಯನಗರವೇ ಇರುತ್ತಿತ್ತು. ಸೀರೆಯ ಕೆಳಗೆ ಶೂ ಹಾಕಿದ ಆಂಟಿಯರು, ಜೇಬಿನ ಮೊಬೈಲಿನಲ್ಲಿ ವಚನ ಹಾಕಿಕೊಂಡು ನಡೆಯುವ ಅಂಕಲ್‌ಗಳು, ಸೊಸೆಯ ವಿಷಯ ಬಂದ ಕೂಡಲೇ ನಡುದಾರಿಯಲ್ಲಿ ನಿಂತುಬಿಡುವ ಅಜ್ಜಿಯರು.

ಒಂದು ದಿನ ನಮ್ಮ ಹುಡುಗನೊಬ್ಬ ಮುಂದಿನವನನ್ನು ಹೊರಗಿನಿಂದ ದಾಟಲು ಹೋಗಿ ಒಬ್ಬ ಆಂಟಿಗೆ ಡಿಕ್ಕಿ ಹೊಡೆದ. ಅವರ ಮಣಿಕಟ್ಟು ಮುರಿಯಿತು. ವಾಕಿಂಗ್‌ನವರೆಲ್ಲ ಸೇರಿ ನಮ್ಮನ್ನು ಅಲ್ಲಿಂದ ಓಡಿಸುವುದೊಂದು ಬಾಕಿ ಇತ್ತು. ಮೇಷ್ಟ್ರು ಅವರಿವರ ಕೈಕಾಲು ಹಿಡಿದು ಉಳಿಸಿಕೊಂಡರು, ಜೊತೆಗೊಂದು ಕಾನೂನನ್ನೂ ತಂದರು. ಹಿಂದೆ ಹೆಜ್ಜೆಯ ಸದ್ದು ಕೇಳಿದರೆ ಮುಂದಿರುವವನೇ ಎದುರಿಗೆ ಯಾರೂ ಇಲ್ಲವೆಂದು ನೋಡಿಕೊಂಡು ಒಂದು ಹೆಜ್ಜೆ ಬಲಕ್ಕೆ ಸರಿಯಬೇಕು, ಹಿಂದಿನವನು ಒಳಗಿನಿಂದ ಹೋಗಬೇಕು. ತಿರುಗಿ ನೋಡುವಂತಿಲ್ಲ, ಯೋಚನೆ ಮಾಡುವಂತಿಲ್ಲ. ದಾರಿ ಬಿಡದವನಿಗೆ ಹತ್ತು ಸುತ್ತು ಹೆಚ್ಚು.

ಆರು ವರ್ಷ ಹೀಗೆ ಓಡಿದೆ. ಇಲ್ಲಿನ ಕೂಟಗಳಲ್ಲಿ ಇದರಿಂದ ಏನೂ ತೊಂದರೆಯಾಗಲಿಲ್ಲ, ಯಾಕೆಂದರೆ ಕೊನೆಯ ಸುತ್ತಿನಲ್ಲಿ ಸದ್ದು ಕೇಳುವಷ್ಟು ಹತ್ತಿರ ನನ್ನ ಹಿಂದೆ ಯಾರೂ ಇರುತ್ತಿರಲಿಲ್ಲ. ಜಂಬ ಅನ್ನಿ, ಪರವಾಗಿಲ್ಲ, ನಿಜ ಅದೇ.

ಅಲ್ಲಿ ಹಾಗಿರಲಿಲ್ಲ. ಎಲ್ಲರೂ ನನ್ನಷ್ಟೇ ಓಡುವವರು, ಕೆಲವರು ನನಗಿಂತ ಚೆನ್ನಾಗಿ. ಮೊದಲ ಎರಡು ಸುತ್ತು ಗುಂಪಿನ ನಡುವೆ ಮೊಣಕೈ ಏಟು ತಿನ್ನುತ್ತಾ ಓಡಿದೆ. ಕೊನೆಯ ಸುತ್ತಿನ ಗಂಟೆ ಹೊಡೆದಾಗ ಇಬ್ಬರು ಮುಂದೆ ಕಿತ್ತುಕೊಂಡು ಹೋದರು. ಮೂರನೆಯವನು ನಾನು, ಒಳಗಿನ ಗೆರೆಗೆ ಅಂಟಿಕೊಂಡಿದ್ದೆ. ಕಾಲಿನಲ್ಲಿ ಇನ್ನೂ ಶಕ್ತಿ ಇತ್ತು. ಕೊನೆಯ ತಿರುವಿನಲ್ಲಿ ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿತು. ನಾನು ಬಲಕ್ಕೆ ಸರಿದೆ.

ಅಷ್ಟೇ ಆದದ್ದು. ಹಸಿರು ಅಂಗಿಯವನೊಬ್ಬ ಒಳಗಿನಿಂದ ನುಗ್ಗಿದ, ಅವನ ಬೆನ್ನಿಗೇ ಇನ್ನೊಬ್ಬ. ನಾನೇನು ಮಾಡಿದೆ ಎಂದು ನನಗೆ ತಿಳಿಯುವಷ್ಟರಲ್ಲಿ ಗುರಿಗೆರೆ ಬಂದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಾನು ಕೈಯಾರೆ ತೆಗೆದು ಪಕ್ಕದ ಎಲೆಗೆ ಬಡಿಸಿದ್ದೆ.

ಹೊರಗೆ ಬಂದಾಗ ತಂಡದ ಮ್ಯಾನೇಜರ್ ಏನಾಯಿತು ಎಂದು ಕೇಳಿದರು. ದಾರಿ ಬಿಟ್ಟೆ ಎಂದು ಹೇಗೆ ಹೇಳುವುದು? ಹಸಿರು ಅಂಗಿಯವನು ತಳ್ಳಿದ ಅಂದೆ. ದೂರು ಕೊಡೋಣವೇ ಅಂದದ್ದಕ್ಕೆ ಬೇಡ ಬಿಡಿ ಅಂದೆ. ಅವರು ನನ್ನ ದೊಡ್ಡ ಮನಸ್ಸನ್ನು ಮೆಚ್ಚಿಕೊಂಡರು. ಮೇಷ್ಟ್ರಿಗೆ ಫೋನ್ ಮಾಡಿದಾಗಲೂ ಅದನ್ನೇ ಹೇಳಿದೆ. ಅವರು ಮೊಬೈಲಿನಲ್ಲಿ ಓಟ ನೋಡಿದ್ದರು, ಆದರೆ ಆ ಹೊತ್ತಿಗೆ ಕ್ಯಾಮೆರಾ ಮುಂದಿನ ಇಬ್ಬರ ಮೇಲಿತ್ತು. ಹಾಗಾಗಿ ನನ್ನ ಸುಳ್ಳು ಬದುಕಿಕೊಂಡಿತು.

ಊರಿಗೆ ಬಂದರೆ ಮಾಗಡಿ ರಸ್ತೆಯಲ್ಲಿ ನನ್ನ ಫ್ಲೆಕ್ಸ್ ಕಟ್ಟಿದ್ದರು. ನನ್ನ ಮುಖ ಚಿಕ್ಕದು, ಕಟ್ಟಿಸಿದವರ ಮುಖ ದೊಡ್ಡದು. ಅಲ್ಲಿಯವರೆಗೆ ಹೋಗಿದ್ದೇ ದೊಡ್ಡದು ಎಂದು ಎಲ್ಲರೂ ಹೇಳಿದರು. ತರಕಾರಿ ಅಂಗಡಿಯವರು ಹೇಳಿದರು, ಬ್ಯಾಡರಹಳ್ಳಿಯ ಚಿಕ್ಕಪ್ಪ ಹೇಳಿದರು, ಅಮ್ಮ ಮುದ್ದೆ ಬಡಿಸುವಾಗಲೆಲ್ಲ ಹೇಳಿದರು. ಕೇಳಿ ಕೇಳಿ ಮೈ ಉರಿಯುತ್ತಿತ್ತು. ಆದರೂ ಹೂಂ ಅನ್ನುತ್ತಿದ್ದೆ.

ಮೂರನೆಯ ವಾರ ಮೇಷ್ಟ್ರು ಮನೆಗೆ ಬರಹೇಳಿದರು. ಟೀಪಾಯಿಯ ಮೇಲೆ ಟ್ಯಾಗ್ ಕಟ್ಟಿದ ಒಂದು ಫೈಲು ಇತ್ತು. ಮೇಷ್ಟ್ರಿಗೆ ಅರ್ಜಿ ಬರೆಯುವ ಚಟ ಹಳೆಯದು. ಬೀದಿ ದೀಪದಿಂದ ಹಿಡಿದು ಬಸ್ಸಿನ ಟೈಮಿನವರೆಗೆ ಅವರು ಬರೆಯದ ಅರ್ಜಿ ಇಲ್ಲ. ಈ ಸಲದ್ದು ನನಗಾದ ಅನ್ಯಾಯದ ಬಗ್ಗೆ, ಮೂರು ಪುಟ, ದುಂಡನೆಯ ಅಕ್ಷರ. ಇಂಗ್ಲಿಷಿಗೆ ಮಾಡಿಸಿ ದೆಹಲಿಯ ಅಥ್ಲೆಟಿಕ್ಸ್ ಸಂಸ್ಥೆಗೆ ಕಳಿಸುತ್ತಾರಂತೆ. ಕೆಳಗೆ ನಾನೊಂದು ಸಹಿ ಹಾಕಬೇಕು. ಹುಡುಗನಿಗೆ ಒತ್ತಾಯ ಮಾಡಬೇಡಿ ಎಂದು ಅವರ ಹೆಂಡತಿ ಒಳಗಿನಿಂದ ಹೇಳಿದರು.

ಓದಿದೆ. ಎರಡನೆಯ ಪುಟದಲ್ಲಿ ಒಂದು ಸಾಲಿತ್ತು: ಈ ಹುಡುಗನನ್ನು ನಾನು ಹದಿಮೂರನೆಯ ವಯಸ್ಸಿನಿಂದ ಬಲ್ಲೆ, ಇವನು ಸುಳ್ಳು ಹೇಳುವವನಲ್ಲ. ನನಗೆ ಪೆನ್ನು ಹಿಡಿಯಲಾಗಲಿಲ್ಲ.

"ಸಾರ್, ಯಾರೂ ತಳ್ಳಿಲ್ಲ," ಅಂದೆ. "ಹಿಂದೆ ಸದ್ದು ಕೇಳಿಸ್ತು. ದಾರಿ ಬಿಟ್ಬಿಟ್ಟೆ."

ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕನ್ನಡಕ ತೆಗೆದು ಫೈಲಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಗ್ರೌಂಡಲ್ಲಿ ಹೆಂಗಿರ್ಬೇಕು ಅಂತ ಹೇಳ್ಕೊಟ್ಟೆ. ರೇಸಲ್ಲಿ ಬಿಡ್ಬೇಡ ಅಂತ ಒಂದ್ ಮಾತು ಹೇಳ್ಲಿಲ್ವಲ್ಲೋ ನಾನು," ಅಂದರು.

ಸುಳ್ಳು ಹೇಳಿದ್ದರ ಬಗ್ಗೆ ಒಂದಕ್ಷರ ಆಡಲಿಲ್ಲ. ಫೈನಲ್ ಓಡಿದ್ದರೆ ಎಷ್ಟನೆಯವನಾಗುತ್ತಿದ್ದೆ ಎಂದು ಕೇಳಿದರು. ಉಳಿದವರು ಬಹಳ ಜೋರು, ಪ್ರಾಯಶಃ ಕೊನೆಯವನೇ ಎಂದು ಹೇಳಿದೆ. ಅವರಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು.

"ಆಗ್ಲಿ ಕಣೋ. ಕೊನೇವ್ನಾಗಿಯಾದ್ರೂ ಓಡ್ಬೇಕಿತ್ತು ನೀನು."

ಅಷ್ಟು ದಿನದಲ್ಲಿ ಈ ಮಾತನ್ನು ನನಗೆ ಹೇಳಿದವರು ಅವರೊಬ್ಬರೇ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು. ಮೇಷ್ಟ್ರು ಸಮಾಧಾನ ಮಾಡಲಿಲ್ಲ. ಅವರೂ ಅಳುತ್ತಿದ್ದರು.