ಏಳಕ್ಕೆ ಏಳು

ಚಿಕಾಪಾ ಹೊಳೆಯ ಈಚೆ ದಡದಲ್ಲಿ ಮರಳಿನ ಮೇಲೆ ಕಥೆ ಬರೆಯುವುದರಲ್ಲಿ ಸಾಪಾಲುವಿನ ಕೈಗೆ ಸಾಟಿಯಿರಲಿಲ್ಲ. ಅಂಗೈಯಿಂದ ಮರಳು ಸವರಿ, ಬೆರಳತುದಿಯಲ್ಲಿ ಸಾಲುಸಾಲಾಗಿ ಚುಕ್ಕಿ ಒತ್ತಿ, ಕಥೆ ಹೇಳುತ್ತಲೇ ಚುಕ್ಕಿಗಳ ನಡುವೆ ಓರೆಯಾಗಿ ಗೆರೆ ಎಳೆಯುತ್ತಿದ್ದ. ಬೆರಳು ಎತ್ತುವಂತಿಲ್ಲ. ಎಲ್ಲ ಚುಕ್ಕಿಗಳನ್ನೂ ಸುತ್ತಿ ಗೆರೆ ಹೊರಟಲ್ಲಿಗೇ ಬಂದು ಕೂಡಬೇಕು. ತಡವರಿಸಿದರೆ ಚಾವಡಿಯ ಜನ ಆಡಿಕೊಂಡು ನಗುತ್ತಾರೆ.

ಅದರ ಗುಟ್ಟು ಸೋದರಮಾವ ಹೇಳಿಕೊಟ್ಟದ್ದು. ಆರನ್ನು ನಂಬಬೇಡ, ಅದು ಕಂಡಕಂಡವರ ಜೊತೆ ಪಾಲಿಗೆ ಕೂರುತ್ತದೆ. ಆರು ಅಡ್ಡಸಾಲಿಗೆ ನಾಲ್ಕು ಉದ್ದಸಾಲು ಬಂದರೆ ಗೆರೆ ಎರಡಾಗುತ್ತದೆ, ಮೂರು ಬಂದರೆ ಮೂರು. ಏಳು ಸಮಪಾಲಿಗೆ ಒಗ್ಗದ ಮೊಂಡ. ಐದಿಡು, ಎಂಟಿಡು, ಒಂದೇ ಗೆರೆ. ಏಳರ ಮಗ್ಗಿಯಲ್ಲಿ ಬರುವುದನ್ನು ಮಾತ್ರ ಎದುರಿಗಿಡಬೇಡ. ಏಳಕ್ಕೆ ಏಳೇ ಇಟ್ಟೆಯೋ, ಗೆರೆ ಏಳು ಚೂರು.

ಮಾವ ಈ ವಿದ್ಯೆಯನ್ನು ಹಿರಿಯ ಸೋದರಳಿಯನಿಗಷ್ಟೇ ಕೊಟ್ಟ. ಮಾವ ಸತ್ತ ಮೇಲೆ ಚಾವಡಿಯ ಹಿರಿತನವೂ ಸಾಪಾಲುವಿಗೇ ಬಂತು. ತಮ್ಮ ಮುಹೊಂಗೊ ಮುನಿಸಿಕೊಂಡು ಹೊಳೆಯಾಚೆ ಮನೆ ಮಾಡಿದ. ಅಂದಿನಿಂದ ಸಾಪಾಲುವಿಗೆ ಮರಗೆಣಸಿನ ಮುದ್ದೆ ರುಚಿಸುತ್ತಿರಲಿಲ್ಲ.

ತಂಗಿ ನಕಟೋಲೊ ಓಡಾಡಿ, ಕಾಡಿ ಬೇಡಿ, ಒಂದು ಸಂಜೆ ಮುಹೊಂಗೊನನ್ನು ಕರೆತಂದಳು. ಮುನಿಸಿಕೊಂಡವರು ಒಂದಾಗುವಾಗ ಆ ಊರಲ್ಲಿ ಒಬ್ಬ ಅಡ್ಡಸಾಲು ಇಡಬೇಕು, ಇನ್ನೊಬ್ಬ ಉದ್ದಸಾಲು ಹೇಳಬೇಕು. ಎರಡನ್ನೂ ಒಂದೇ ಗೆರೆಯಲ್ಲಿ ಕೂಡಿಸಿ, ಒಂದೇ ಬುಟ್ಟಿಯ ಮುದ್ದೆ ಉಣ್ಣಬೇಕು.

ಸಾಪಾಲು ಅಭ್ಯಾಸದಂತೆ ಏಳು ಸಾಲಿಗೆ ಗುರುತಿಟ್ಟು ತಮ್ಮನ ಮುಖ ನೋಡಿದ.

"ನಿಂಗೆ ಎಷ್ಟೋ ನಂಗೂ ಅಷ್ಟೇ ಅಣ್ಣಾ. ಏಳು."

ಏಳಕ್ಕೆ ಏಳು ಇಟ್ಟರೆ ಗೆರೆ ಏಳು ಚೂರು ಎಂದಿದ್ದ ಮಾವ. ತುಂಬಿದ ಚಾವಡಿಯಲ್ಲಿ ಗುಟ್ಟು ಬಿಡುವಂತಿಲ್ಲ. ಒಂದು ಕಮ್ಮಿ ಮಾಡಿಕೋ ಎಂದು ತಮ್ಮನಿಗೆ ಹೇಳಿದರೆ ಹಳೆಯ ಜಗಳವೇ ಮತ್ತೆ. ತನ್ನದೇ ಒಂದು ಸಾಲು ಅಳಿಸಿದರೆ ಆಯಿತು, ಆರಕ್ಕೆ ಏಳು, ಒಂದೇ ಗೆರೆ. ಆದರೆ ಹಿರಿಯನಾದವನು ಎಲ್ಲರೆದುರು ಇಳಿಯುವುದೇ? ಏಳನ್ನು ನಂಬಿ ನಂಬಿ ಅವನೂ ಮೊಂಡನಾಗಿದ್ದ. ಇವತ್ತೊಂದು ದಿನ ಕೂಡೀತು ಎಂದು, ಪೆದ್ದನ ಹಾಗೆ, ಚುಕ್ಕಿಯೊತ್ತಿ ಗೆರೆ ಎಳೆದ.

ಗೆರೆ ಸ್ವಲ್ಪದರಲ್ಲೇ ತಿರುಗಿ ಬಂದು ಮುಚ್ಚಿಕೊಂಡಿತು. ಮುಕ್ಕಾಲು ಚುಕ್ಕಿಗಳು ಹಾಗೇ ಉಳಿದವು. ಒಬ್ಬರೂ ನಗಲಿಲ್ಲ.

ಮುಹೊಂಗೊ ಉಳಿದ ಚುಕ್ಕಿಗಳಿಗೆ ಬೊಟ್ಟು ಮಾಡಿದ. "ಕೂಡಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತು ಅಲ್ವಾ?"

ಗೊತ್ತಿತ್ತು. ಮುಹೊಂಗೊ ಮುದ್ದೆ ಮುಟ್ಟದೆ ಎದ್ದು ದೋಣಿಯ ಕಡೆ ನಡೆದ.

ಜನ ಚದುರಿದ ಮೇಲೆ ಸಾಪಾಲು ತನ್ನ ಒಂದು ಸಾಲನ್ನು ಅಂಗೈಯಿಂದ ಒರೆಸಿ, ಮತ್ತೆ ಬರೆದ. ಗೆರೆ ಒಂದು ಚುಕ್ಕಿಯನ್ನೂ ಬಿಡದೆ ಸುತ್ತಿ ಬಂದು ಕೂಡಿತು. ಬುಟ್ಟಿ ಹಿಡಿದು ನಿಂತಿದ್ದ ನಕಟೋಲೊ ಅದನ್ನು ನೋಡಿದಳು.

"ಅವನು ಇದ್ದಾಗ ಇದನ್ನ ಮಾಡೋಕೆ ಏನಾಗಿತ್ತಣ್ಣಾ?"

ವರ್ಷಗಳು ಕಳೆದಿವೆ. ಸಾಪಾಲು ಈಗ ಏಳು ಬಿಟ್ಟು ಆರೇ ಸಾಲು ಒತ್ತುತ್ತಾನೆ, ಗೆರೆ ಎಷ್ಟೋ ಸಲ ಚೂರಾಗುತ್ತದೆ. ಮುದುಕನಿಗೆ ಅರಳುಮರಳು ಎಂದು ಊರವರು ನಗುತ್ತಾರೆ. ಎದುರು ಸಾಲು ಹೇಳಬೇಕಾದವನು ಮಾತ್ರ ಮತ್ತೆ ಹೊಳೆ ದಾಟಲಿಲ್ಲ.