ಅಸೆಲ್ ಹಿಡಿದ ಒಪ್ಪತ್ತು

ಮೊದಲು ಮುರಿದದ್ದು ಪಾದದ ಎಲುಬು. ಬಿದ್ದು ಮುರಿದದ್ದಲ್ಲ. ಅಸೆಲ್ ಐಸ್ ಮೇಲೆ ಒಂದು ಜಂಪ್ ಮುಗಿಸಿ ಸರಿಯಾಗಿಯೇ ಇಳಿದಳು, ಕೈ ಚಾಚಿ ಹಿಂದಕ್ಕೆ ಜಾರಿದಳು, ಆಮೇಲೆ ಅಂಚಿನ ಕಟಕಟೆ ಹಿಡಿದು ನಿಂತುಬಿಟ್ಟಳು. ನೋವು ಎನ್ನಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು. ಎಂಆರ್‌ಐ ಮಾಡಿಸಿದಾಗ ಸ್ಟ್ರೆಸ್ ಫ್ರ್ಯಾಕ್ಚರ್ ಎಂದರು. ಹದಿನಾರರ ಹುಡುಗಿಗೆ ಬೀಳದೆಯೇ ಎಲುಬು ಏಕೆ ಮುರಿಯಿತು ಎಂದು ಡಲ್ಲಾಸ್‌ನ ಆ ಆರ್ಥೋಪೆಡಿಕ್ ಡಾಕ್ಟರ್ ಕೇಳಲಿಲ್ಲ. ಕೋಚ್ ಕೂಡ ಕೇಳಲಿಲ್ಲ. ಅಥ್ಲೀಟ್‌ಗಳಿಗೆ ಇದೆಲ್ಲ ಕಾಮನ್ ಎಂದು ಹೇಳಿ, ಪ್ಲಾಸ್ಟರ್ ಬದಲು ಕಾಲಿಗೊಂದು ವಾಕಿಂಗ್ ಬೂಟ್ ಹಾಕಿ ಕಳಿಸಿದರು.

ಕಾಮನ್ ಎಂಬ ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಸೆಲ್ ನನ್ನ ಮಗಳಲ್ಲ. ಕಝಾಕಿಸ್ತಾನದ ಅಲ್ಮಾಟಿಯ ಹುಡುಗಿ. ಅಲ್ಲಿಯ ಜೂನಿಯರ್ ಸ್ಪರ್ಧೆಗಳಲ್ಲಿ ಹೆಸರು ಮಾಡಿ, ಇನ್ನೂ ಒಳ್ಳೆಯ ಕೋಚಿಂಗ್ ಸಿಗಲೆಂದು ಒಬ್ಬಳೇ ಡಲ್ಲಾಸ್‌ಗೆ ಬಂದವಳು. ನನ್ನ ಮಗಳು ನಿಧಿ ಅವಳು ಅಭ್ಯಾಸ ಮಾಡುತ್ತಿದ್ದ ಐಸ್ ರಿಂಕ್‌ನಲ್ಲೇ ವಾರಕ್ಕೊಮ್ಮೆ ಸ್ಕೇಟಿಂಗ್ ಕಲಿಯುತ್ತಿದ್ದಳು. ಅಸೆಲ್ ಇದ್ದ ಮನೆಯವರು ಬೇರೆ ಊರಿಗೆ ಶಿಫ್ಟ್ ಆದಾಗ ಡಲ್ಲಾಸ್ ಪಕ್ಕದ ಇರ್ವಿಂಗ್‌ನ ನಮ್ಮ ಮನೆಯ ಮಹಡಿ ಕೋಣೆ ಖಾಲಿ ಇತ್ತು. ಕರೆದುಕೊಂಡು ಬಂದೆವು. ನಾವು ಹುಬ್ಬಳ್ಳಿ ಕಡೆಯವರು. ಮನೆಗೆ ಬಂದವರಿಗೆ ಉಣಬಡಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂಬ ಜಂಬ ನಮಗೆ. ನನ್ನ ಅತ್ತೆ ಮೊದಲ ದಿನವೇ ಅವಳ ಹೆಸರನ್ನು ತಿದ್ದಿ ಅಸಲಿ ಮಾಡಿದರು.

"ಅಸಲಿ ಬಂಗಾರ ಐತಿ ನೋಡು ಹುಡುಗಿ" ಎನ್ನುತ್ತಿದ್ದರು.

ಕಾಲಿಗೆ ಬೂಟ್ ಇದ್ದಾಗಲೇ ಶ್ರಾವಣ ಬಂತು. ಶ್ರಾವಣ ಸೋಮವಾರ ಅತ್ತೆಯದು ಒಪ್ಪತ್ತು. ದಿನಕ್ಕೆ ಒಂದೇ ಊಟ. ಅದೇನೆಂದು ಅಸೆಲ್ ಕೇಳಿದಳು. ನಿಧಿಗೆ ಕನ್ನಡ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲೇ. "ಲೈಕ್, ಯೂ ಈಟ್ ಒನ್ಸ್. ಫಾರ್ ಗಾಡ್" ಎಂದಳು. ಅಸೆಲ್ ಆ ಪದವನ್ನು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿದಳು. ಅವಳು ಕಲಿತ ಮೊದಲ ಕನ್ನಡ ಪದ ಅದು. ಮುಂದಿನ ಸೋಮವಾರ ಅವಳೂ ಒಪ್ಪತ್ತು ಹಿಡಿದಳು.

ಅತ್ತೆಗೆ ಆಕಾಶ ಮೂರೇ ಗೇಣು. ಮನೆಯಲ್ಲಿ ಭಜನೆ ಇದ್ದ ದಿನ ಬಂದವರಿಗೆಲ್ಲ ಹೇಳಿದರು. ಆಂಟಿಗಳು ಅಸೆಲ್‌ನ ಗಲ್ಲ ಸವರಿದರು. "ನಮ್ಮ ಹುಡುಗ್ರಿಗೆ ಒಂದ್ ದಿನ ಪಿಜ್ಜಾ ಬಿಡಾಕ ಆಗೂದಿಲ್ಲರಿ. ಎಲ್ಲಿಯದೋ ಹುಡುಗಿ, ಶ್ರದ್ಧಾ ನೋಡ್ರಿ ಹೆಂಗೈತಿ" ಎಂದರು. ಅವಳ ಮನೆಯಲ್ಲಿ ಶ್ರಾವಣವೂ ಇಲ್ಲ, ಸೋಮವಾರವೂ ಇಲ್ಲ. ಅವಳಿಗೆ ಯಾವ ದೇವರ ಮೇಲೆ ಶ್ರದ್ಧೆ ಎಂದು ನಾವು ಯಾರೂ ಕೇಳಲಿಲ್ಲ. ಹಸಿದವಳನ್ನು ನಡುಮನೆಯಲ್ಲಿ ಕೂಡಿಸಿ ಹೊಗಳಿದೆವು.

ಶ್ರಾವಣ ಮುಗಿಯಿತು. ಅಸೆಲ್‌ನ ಒಪ್ಪತ್ತು ಮುಗಿಯಲಿಲ್ಲ. ಸೋಮವಾರದ ಜೊತೆ ಗುರುವಾರ ಸೇರಿತು, ಆಮೇಲೆ ಶನಿವಾರ. ಕೊನೆಗೆ ಒಪ್ಪತ್ತಿಲ್ಲದ ವಾರವೇ ಉಳಿಯಲಿಲ್ಲ. ನಮಗೆ, ರಿಂಕ್‌ನಲ್ಲಿ ಉಂಡೆ ಎನ್ನುತ್ತಿದ್ದಳು. ರಿಂಕ್‌ನಲ್ಲಿ, ಮನೆಗೆ ಹೋಗಿ ಉಣ್ಣುತ್ತೇನೆ ಎನ್ನುತ್ತಿದ್ದಳು. ಟೆಕ್ಸಾಸ್‌ನ ಸುಡು ಬಿಸಿಲಿನಲ್ಲೂ ಸ್ವೆಟರ್ ತೊಡುತ್ತಿದ್ದಳು. ಸ್ಕೇಟರ್‌ಗಳಿಗೆ ಥಂಡಿ ಅಭ್ಯಾಸ, ಆದರೂ ಹೀಗೇಕೆ ಎಂದು ಅನಿಸಿತ್ತು. ಬೂಟ್ ಬಿಚ್ಚಿ ಮತ್ತೆ ಐಸ್‌ಗೆ ಇಳಿದ ದಿನ ಕೋಚ್ ನನ್ನೆದುರಿಗೇ ಅವಳ ಸೊಂಟ ಹಿಡಿದು ನೋಡಿ, "ಈಗ ನೋಡು, ಸ್ಕೇಟರ್ ಹಾಗೆ ಕಾಣಿಸ್ತೀಯ" ಎಂದಳು. ಅಸೆಲ್ ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ಅಷ್ಟು ಸಂತೋಷವಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಸ್ಪರ್ಧೆ ಆಸ್ಟಿನ್‌ನಲ್ಲಿತ್ತು. ಅಲ್ಲಿ ಚೆನ್ನಾಗಿ ಮಾಡಿದರೆ ಅವಳ ದೇಶದ ತಂಡಕ್ಕೆ ಕರೆ ಬರಬಹುದು ಎಂದು ಕೋಚ್ ಹೇಳಿದ್ದಳು. ನಾನೇ ಡ್ರೈವ್ ಮಾಡಿಕೊಂಡು ಹೋದೆ. ಅಸೆಲ್ ಒಂದೂ ತಪ್ಪಿಲ್ಲದೆ ಸ್ಕೇಟ್ ಮಾಡಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಬಾಗಿ ನಮಸ್ಕರಿಸಿ ಹೊರಬಂದು, ಬೆಂಚಿನ ಮೇಲೆ ಕೂತು, ಲೇಸ್ ಬಿಚ್ಚಲು ಬಗ್ಗಿದಳು.

ಮೇಲೆ ಏಳಲಿಲ್ಲ.

ಆಂಬುಲೆನ್ಸ್‌ನಲ್ಲಿ ಕಣ್ಣು ಬಿಟ್ಟಳು. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮಾನಿಟರ್ ಹಚ್ಚಿದರು. ಅದು ಮತ್ತೆ ಮತ್ತೆ ಕೂಗುತ್ತಿತ್ತು. ಮಷೀನ್ ಕೆಟ್ಟಿರಬೇಕು ಅಂದುಕೊಂಡೆ. ಕೆಟ್ಟಿರಲಿಲ್ಲ, ಹೃದಯವೇ ಅಷ್ಟು ನಿಧಾನ ಬಡಿಯುತ್ತಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಪಾತಾಳಕ್ಕೆ ಇಳಿದಿತ್ತು. ಇವತ್ತು ಏನು ತಿಂದೆ ಎಂದು ಡಾಕ್ಟರ್ ಕೇಳಿದಳು. ಅಸೆಲ್ ಕಣ್ಣು ಮುಚ್ಚಿಕೊಂಡೇ ಉತ್ತರಿಸಿದಳು.

"ಒಪ್ಪತ್ತು."

ಡಾಕ್ಟರ್ ನನ್ನ ಕಡೆ ತಿರುಗಿ, ಇದು ಯಾವ ಔಷಧ ಎಂದು ಕೇಳಿದಳು. ನಾನು ವಿವರಿಸಬೇಕಾಯಿತು. ನನ್ನ ಭಾಷೆಯ ಪದ, ನನ್ನ ಮನೆಯ ಪದ, ಆ ಹಾಸಿಗೆಯ ಪಕ್ಕ ನಿಂತು ಇಂಗ್ಲಿಷಿನಲ್ಲಿ ಅದರ ಅರ್ಥ ಹೇಳುವಾಗ ಸಿಟ್ಟು ಉಕ್ಕಿತು. ಡಾಕ್ಟರ್ ಎಲ್ಲ ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದಳು. ಕೊನೆಯ ಪೀರಿಯಡ್ಸ್ ಯಾವಾಗ? ಹೋದ ವರ್ಷ ಎಂದಳು ಅಸೆಲ್. ಕೋಚ್‌ಗೆ ಗೊತ್ತಂತೆ. ಒಳ್ಳೆಯದೇ ಆಯಿತು, ಸರಿಯಾಗಿ ಟ್ರೇನ್ ಮಾಡುತ್ತಿದ್ದೀ ಎಂದು ಅರ್ಥ ಎಂದಿದ್ದಳಂತೆ. ಊಟ ಸಾಲದ ಮೈಯಲ್ಲಿ ಮುಟ್ಟು ನಿಲ್ಲುತ್ತದೆ, ಎಲುಬು ಟೊಳ್ಳಾಗುತ್ತದೆ ಎಂದಳು ಡಾಕ್ಟರ್.

ಇಷ್ಟು ಸಣ್ಣ ಪ್ರಶ್ನೆಯನ್ನು ಎಲುಬು ಮುರಿದಾಗಲೇ ಯಾರಾದರೂ ಕೇಳಿದ್ದರೆ ಈ ಹುಡುಗಿ ಇಲ್ಲಿ ಮಲಗುತ್ತಿರಲಿಲ್ಲ. ಸ್ಕೋರ್ ಎಣಿಸುವವರಿದ್ದರು, ಜಂಪ್ ಅಳೆಯುವವರಿದ್ದರು, ಡ್ರೆಸ್ ಹೊಲಿಯುವವರಿದ್ದರು. ಹುಡುಗಿಯನ್ನು ನೋಡುವವರೇ ಇರಲಿಲ್ಲ.

ಇದು ಈಟಿಂಗ್ ಡಿಸಾರ್ಡರ್, ಊಟಕ್ಕೇ ಹೆದರುವ ರೋಗ, ಹೀಗೇ ಬಿಟ್ಟರೆ ಹೃದಯ ನಿಲ್ಲಬಹುದು ಎಂದರು. ಹೂಸ್ಟನ್‌ನ ಒಂದು ಆಸ್ಪತ್ರೆಗೆ ಕಳಿಸಿದರು. ನನ್ನ ತಂಗಿಯ ಮನೆ ಹೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ. ಲಾಸ್ ಕೊಲಿನಾಸ್‌ನ ನನ್ನ ಆಫೀಸಿಗೆ ಹೇಳಿ, ಲ್ಯಾಪ್‌ಟಾಪ್ ಹೊತ್ತುಕೊಂಡು ಅಲ್ಲಿಗೆ ಹೋದೆ. ಅಸೆಲ್‌ನ ಅಮ್ಮನಿಗೆ ವೀಸಾ ಸಿಗಲಿಲ್ಲ. ವಿಡಿಯೋ ಕಾಲ್‌ನಲ್ಲಿ ಮಗಳ ಮೂಗಿಗೆ ಊಟಕ್ಕೆಂದು ಹಾಕಿದ್ದ ಟ್ಯೂಬ್ ನೋಡಿ, ಫೋನನ್ನು ಎದೆಗೆ ಒತ್ತಿಕೊಂಡರು. ನಮಗೆ ಬರೀ ಕತ್ತಲೆ ಕಾಣಿಸಿತು, ಅಳು ಕೇಳಿಸಿತು.

ಟ್ಯೂಬ್ ತೆಗೆದ ಮೇಲೆ ಊಟದ ಹೊತ್ತಿಗೆ ನಾನು ಎದುರಿಗೆ ಕೂರಬೇಕಿತ್ತು. ಅರ್ಧ ಸ್ಯಾಂಡ್‌ವಿಚ್‌ಗೆ ಒಂದು ಗಂಟೆ. ಅಳುತ್ತಿದ್ದಳು, ಸ್ವೆಟರಿನ ತೋಳಿನೊಳಗೆ ತುಣುಕು ಬಚ್ಚಿಡುತ್ತಿದ್ದಳು. "ನೀವು ನನ್ನ ಅಮ್ಮ ಅಲ್ಲ" ಎಂದು ಇಂಗ್ಲಿಷಿನಲ್ಲಿ ಚೀರಿದಳು. ಅಲ್ಲ ಎಂದೆ. ತಿನ್ನು ಎಂದೆ. ರೋಗದ ಮೇಲೆ ಬರುವ ಸಿಟ್ಟು ರೋಗಿಯ ಮೇಲೆ ಹರಿಯದಂತೆ ತಡೆಯುವುದು ಎಷ್ಟು ಕಷ್ಟ ಎಂದು ಆ ಕುರ್ಚಿಯಲ್ಲಿ ಕೂತವರಿಗೇ ಗೊತ್ತು.

ಅತ್ತೆಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಒಪ್ಪತ್ತು ಅಂದ್ರ ಒಂದ್ ಹೊತ್ತು ಹೊಟ್ಟಿ ತುಂಬ ಉಣ್ಣೂದವ್ವ" ಎಂದರು. "ಅದನ್ನ ಆಕಿಗೆ ಯಾರೂ ಹೇಳಲಿಲ್ಲೇನು?"

ಕೋಚ್ ಫೋನ್ ಮಾಡಿದಳು. ಹೇಗಿದ್ದಾಳೆ ಎಂದಳು, ನನ್ನ ಉತ್ತರಕ್ಕೂ ಕಾಯದೆ, ಮುಂದಿನ ಸೀಸನ್‌ಗೆ ರೆಡಿ ಆಗುತ್ತಾಳೆಯೇ ಎಂದಳು. ತಂಡದ ಕರೆ ಬಂದಿದೆಯಂತೆ. ಪೀರಿಯಡ್ಸ್ ಮರಳುವವರೆಗೆ ಒಂದೂ ಜಂಪ್ ಇಲ್ಲ ಎಂದು ಡಾಕ್ಟರ್ ಹೇಳಿದ್ದಾರೆ ಎಂದೆ. ನಾವೆಲ್ಲ ಹಾಗೇ ಬೆಳೆದವರು, ನನಗೇನಾಗಿದೆ ಎಂದಳು. ನಿನಗೇನಾಗಿದೆ ಎಂದು ನಿನಗೆ ಕಾಣುತ್ತಿಲ್ಲ ಎಂದೆ. ಅಸೆಲ್ ಮಂಚದ ಮೇಲಿಂದ ಕೈ ಚಾಚಿ ಫೋನ್ ಇಸಿದುಕೊಂಡಳು. "ಈ ಸೀಸನ್ ಇಲ್ಲ" ಎಂದಳು. ಅಷ್ಟೇ. ಆಮೇಲೆ ಗೋಡೆ ಕಡೆ ತಿರುಗಿ ಸಂಜೆಯವರೆಗೆ ಅತ್ತಳು. ಎಳೆಯ ವಯಸ್ಸಿನಿಂದ ಬೆಳಗಾಗುವ ಮುಂಚೆ ಎದ್ದು ಕಟ್ಟಿದ್ದನ್ನು ಎರಡು ಮಾತಿನಲ್ಲಿ ಕೈಬಿಟ್ಟ ಹುಡುಗಿಯ ಬೆನ್ನಿನ ಮೇಲೆ ಕೈ ಇಟ್ಟು ಕೂತೆ.

ಅವಳ ಜಾಗಕ್ಕೆ ಬೇರೆ ಹುಡುಗಿ ಹೋದಳು. ತಂಡದಿಂದ ಮತ್ತೆ ಯಾರೂ ವಿಚಾರಿಸಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಇರ್ವಿಂಗ್‌ಗೆ ಮರಳಿದೆವು. ಈಗಲೂ ವಾರಕ್ಕೊಮ್ಮೆ ಇಸಿಜಿ, ತೂಕ, ಕೌನ್ಸೆಲಿಂಗ್. ಒಂದು ವಾರ ಮುಂದೆ, ಎರಡು ವಾರ ಹಿಂದೆ. ಗುಣವಾಯಿತು ಎಂದು ಡಾಕ್ಟರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಎದೆ ಬಡಿಯುತ್ತಿದೆ, ಅದಕ್ಕೆ ಕೈ ಮುಗಿಯುತ್ತೇನೆ.

ಮೊನ್ನೆ ಬೆಳಿಗ್ಗೆ ನಾನು ಆಫೀಸಿಗೆ ಹೊರಟಿದ್ದೆ. ಅಸೆಲ್ ಮೆಟ್ಟಿಲ ಮೇಲೆ ನಿಂತು, ಪ್ಯಾಡ್ ಇದೆಯಾ ಎಂದು ಮೆಲ್ಲಗೆ ಕೇಳಿದಳು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬ್ಯಾಗ್ ಕೆಳಗಿಟ್ಟೆ. ಅತ್ತೆ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಆ ಮಧ್ಯಾಹ್ನ ಕೊಬ್ಬರಿ, ಬೆಲ್ಲ, ತುಪ್ಪ ಹಾಕಿ ಅಂಟಿನುಂಡೆ ಕಟ್ಟಿದರು. ನಮ್ಮ ಕಡೆ ಹೆಣ್ಣುಮಕ್ಕಳ ಸೊಂಟ ಗಟ್ಟಿಯಾಗಲಿ ಎಂದು ಕೊಡುವ ಉಂಡೆ. ನಾನು ಆಫೀಸಿಗೆ ಹೋಗಲಿಲ್ಲ.

"ತಿನ್ನವ್ವ" ಎಂದರು ಅತ್ತೆ.

ಅಸೆಲ್ ಉಂಡೆಯನ್ನು ತಿರುಗಿಸಿ ನೋಡಿದಳು. ಅದರಲ್ಲಿ ಎಷ್ಟು ತುಪ್ಪ ಎಂದು ಲೆಕ್ಕ ಹಾಕುತ್ತಿದ್ದಳು, ನನಗೆ ಗೊತ್ತು. ಅರ್ಧ ತಿಂದಳು. ಉಳಿದರ್ಧ ತಟ್ಟೆಯಲ್ಲಿಟ್ಟು ಕೈ ಮಡಚಿ ಕೂತಳು. ಅತ್ತೆ ಮಿಕ್ಕ ಉಂಡೆಗಳನ್ನು ಡಬ್ಬಿಗೆ ತುಂಬತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅದನ್ನೂ ಎತ್ತಿಕೊಂಡಳು.