ಭಾವ ಮಾಡಿದ ಮುಚ್ಚಳ

ನಮ್ಮ ಭಾವನನ್ನು ಬೀದಿಯವರೆಲ್ಲ ‘ಫ್ರಿಜ್’ ಎಂದೇ ಕರೆಯುವುದು. ಎದುರಿಗಲ್ಲ, ಬೆನ್ನ ಹಿಂದೆ. ಮೂವತ್ತೊಂದು ವರ್ಷ ಕೋಲ್ಡ್ ಸ್ಟೋರೇಜ್ ಗೋಡೆಗಳಿಗೆ ಥರ್ಮೋಕೋಲ್ ಹೊದಿಸಿ ನಿವೃತ್ತರಾದವರು. ತಾವು ಕಟ್ಟಿದ ಕೋಣೆಯಲ್ಲಿ ಒಂದೇ ಒಂದು ಸೇಬೂ ಕೊಳೆತಿಲ್ಲ ಎನ್ನುತ್ತಾರೆ. ನಾನು ಅವರ ಹೆಂಡತಿಯ ತಮ್ಮ, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದೇನೆ. ಆ ಸೇಬಿನ ಮಾತನ್ನು ಏನಿಲ್ಲವೆಂದರೂ ನಾನೂರು ಸಲ ಕೇಳಿದ್ದೇನೆ.

ಭಾವ ತಪ್ಪು ಮಾಡಿದ್ದನ್ನು ನಾನು ನೋಡಿರಲಿಲ್ಲ. ಅಂದರೆ, ಒಪ್ಪಿಕೊಂಡಿದ್ದನ್ನು ನೋಡಿರಲಿಲ್ಲ.

ಅಕ್ಕನ ಕೆಲಸ ಕೋಟುಗಳಿಗೆ ಕಾಜಾ ಹಾಕುವುದು. ಮಷಿನ್ನಿನಲ್ಲಲ್ಲ, ಕೈಯಲ್ಲಿ. ಬೀದಿ ಕೊನೆಯ ಟೈಲರ್ ಗಂಟು ಕಟ್ಟಿ ಕಳಿಸುತ್ತಾನೆ, ಅಕ್ಕ ಕಿಟಕಿ ಪಕ್ಕ ಕೂತು ಗುಂಡಿಯ ಕಣ್ಣು ಹೊಲಿಯುತ್ತಾಳೆ. ಐವತ್ತೆಂಟಕ್ಕೆ ಅವಳ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಭುಜ ಮೇಲೇಳುತ್ತಿರಲಿಲ್ಲ, ಮುಷ್ಟಿ ಬಿಚ್ಚುತ್ತಿರಲಿಲ್ಲ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಕುತ್ತಿಗೆವರೆಗೆ ಬಿಸಿನೀರಲ್ಲಿ ಕೂತರೆ ಸೂಜಿ ಹಿಡಿಯಬಹುದು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು.

ಮುಚ್ಚಿಹೋದ ಜಿಮ್ಮೊಂದರಿಂದ ಭಾವ ಹಾಟ್ ಟಬ್ ತಂದರು. ನಾಲ್ಕು ಜನ ಕೂರುವ, ನೀರು ಕಾಯಿಸಿ ಗುಳ್ಳೆ ಎಬ್ಬಿಸುವ ತೊಟ್ಟಿ. ಅದನ್ನು ನೆಲಮಹಡಿಯ ಹಿಂದಿನ ಕೋಣೆಗೆ ಸೇರಿಸಲು ಬಾಗಿಲ ಚೌಕಟ್ಟು ಬಿಚ್ಚಬೇಕಾಯಿತು. ಅದೂ ಹೋಗಲಿ, ಹೀಟರ್ ಹಾಕಿದರೆ ಸಾಕು, ಇಡೀ ಕಟ್ಟಡದ ದೀಪ ಮಂಕಾಗಿ ಲಿಫ್ಟ್ ನಿಂತುಬಿಡುತ್ತಿತ್ತು. ಮೂರನೇ ಸಲ ನಿಂತಾಗ ಒಳಗಿದ್ದವರು ನಿವಾಸಿಗಳ ಸಂಘದ ಕಾರ್ಯದರ್ಶಿ. ಹೊರಬಂದವರೇ ನೇರ ಭಾವನ ಬಾಗಿಲಿಗೆ ಬಂದರು.

“ಹೀಟರ್ ಮಧ್ಯಾಹ್ನ ಒಂದರಿಂದ ಮೂರು. ಅಷ್ಟೇ. ಒಂದು ನಿಮಿಷ ಜಾಸ್ತಿ ಆದ್ರೂ ತೊಟ್ಟಿ ಆಚೆ ಹೋಗುತ್ತೆ.”

ಮೂರಕ್ಕೆ ಕಾಯಿಸಿದ ನೀರು ಮರುದಿನ ಬೆಳಿಗ್ಗೆ ಆರರವರೆಗೆ ಬಿಸಿ ಉಳಿಯಬೇಕು. ಹದಿನೈದು ಗಂಟೆ. ಅಕ್ಕನ ಮುಖ ಸಪ್ಪಗಾಯಿತು. ಭಾವನ ಮುಖ ಮಾತ್ರ ನಿವೃತ್ತಿಯಾದ ಮೇಲೆ ಮೊದಲ ಸಲ ಅರಳಿತು.

“ಜನ್ಮವಿಡೀ ಚಳಿ ಹಿಡಿದಿಟ್ಟಿದ್ದೀನಿ. ಬಿಸಿ ಯಾವ ಮಹಾ?”

ನಾಲ್ಕು ದಿನ ಅವರು ನೆಲ ಬಿಟ್ಟು ಏಳಲಿಲ್ಲ. ತೊಟ್ಟಿಯ ಸುತ್ತ ಥರ್ಮೋಕೋಲ್ ಹೊದಿಸಿದರು, ಪೈಪುಗಳಿಗೆ ಸ್ಪಂಜು ಸುತ್ತಿದರು, ಬಿರುಕು ಕಂಡಲ್ಲೆಲ್ಲ ಫೋಮ್ ತುಂಬಿದರು. ಗುಳ್ಳೆ ಬಿಡುವ ಗಾಳಿ ನೀರನ್ನು ತಣ್ಣಗೆ ಮಾಡುತ್ತದೆಂದು ಅದನ್ನೂ ಬಂದ್ ಮಾಡಿದರು. ಅಕ್ಕನಿಗೆ ಗುಳ್ಳೆ ಇಷ್ಟವಿತ್ತು. ಅವಳನ್ನು ಯಾರು ಕೇಳಿದರು?

ಕೊನೆಗೆ ಮುಚ್ಚಳ. ನಾಲ್ಕು ಇಂಚಿನ ಥರ್ಮೋಕೋಲ್, ಮೇಲೆ ಬಿಗಿಯಾಗಿ ಎಳೆದು ಅಂಟಿಸಿದ ದಪ್ಪ ಪ್ಲಾಸ್ಟಿಕ್ ಹಾಳೆ, ಕೆಳಗೆ ಬಟ್ಟೆ. ಕೆಲಸದ ಕಾಲದ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿ, ಅಂಚಿನಲ್ಲಿ ತಾರೀಕು ಹಾಕಿ ‘೮ ಕೆಜಿ’ ಎಂದು ಬರೆದರು. ತಾವು ಮಾಡಿದ್ದನ್ನೆಲ್ಲ ತೂಗಿ ಬರೆದಿಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಮೊದಲ ಬೆಳಿಗ್ಗೆ ನೀರು ಮೂವತ್ತೇಳೂವರೆ ಡಿಗ್ರಿ. ಅಕ್ಕ ಅವತ್ತು ಮೂರು ಕೋಟು ಮುಗಿಸಿದಳು. ಭಾವ ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಡಿಗ್ರಿ ಹೇಳಿದರು, ಕಾರ್ಯದರ್ಶಿಗೆ ಎರಡು ಸಲ.

ಎರಡನೇ ವಾರ ಮೂವತ್ತಾರಾಯಿತು. ಮೂರನೇ ವಾರ ಮೂವತ್ನಾಲ್ಕು. ಅಕ್ಕನ ಬೆರಳುಗಳು ಮತ್ತೆ ಬಿಗಿಯಾಗತೊಡಗಿದವು. ಒಂದು ಸಂಜೆ ಅವರ ಅಡುಗೆಮನೆಯಲ್ಲಿ ನಾನೂ ಚಹಾ ಕುಡಿಯುತ್ತ ಕೂತಿದ್ದೆ.

“ಮುಚ್ಚಳ ತೆಗೆದಿಟ್ಟು ಎಷ್ಟೊತ್ತು ಕೂತಿರ್ತೀಯ?” ಎಂದರು ಭಾವ. “ಬಿಸಿ ಎಲ್ಲಾ ಹೋಗ್ತಿದೆ.”

“ತೆಗೆಯೋದಕ್ಕೇ ಅಷ್ಟೊತ್ತು ಹಿಡಿಯುತ್ತೆ ರೀ. ದಿನದಿಂದ ದಿನಕ್ಕೆ ಭಾರ ಆಗ್ತಿದೆ ಅದು.”

“ಮುಚ್ಚಳ ಹೇಗೆ ಭಾರ ಆಗುತ್ತೆ? ಎಂಟು ಕೆಜಿ, ಅಲ್ಲೇ ಬರೆದಿದೆ. ನಿನ್ನ ಕೈಯಲ್ಲಿ ಶಕ್ತಿ ಹೋಗ್ತಿದೆ, ಅಷ್ಟೇ.”

ಥರ್ಮಾಮೀಟರಿನ ಡಿಗ್ರಿ ಓದಿದ ಹಾಗೆ ಹೇಳಿದರು. ಅಕ್ಕ ಎರಡೂ ಕೈಗಳನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ನಾನು ತುಟಿ ಪಿಟಕ್ಕೆನ್ನದೆ ಚಹಾ ಮುಗಿಸಿದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆಮೇಲಿನ ಸೋಮವಾರ ಬೆಳಿಗ್ಗೆ ಕೆಳಗಿಳಿದರೆ ಟೈಲರ್ ಕೋಟಿನ ಗಂಟು ಹೊತ್ತು ವಾಪಸ್ ಹೋಗುತ್ತಿದ್ದ. ಒಂಬತ್ತು ಕೋಟು, ಒಂದಕ್ಕೂ ಸೂಜಿ ತಾಗಿರಲಿಲ್ಲ. ಅಕ್ಕ ಸೂಜಿಡಬ್ಬಿ ಮುಚ್ಚಿ ಬೀರುವಿನ ಮೇಲಿಡುತ್ತಿದ್ದಳು.

“ಮುಗೀತು ಕಣೋ. ಒಂದು ಮುಚ್ಚಳ ಎತ್ತೋಕೆ ಒದ್ದಾಡೋ ಕೈ, ಇನ್ನೇನು ಕಾಜಾ ಹಾಕುತ್ತೆ? ನಿಮ್ಮ ಭಾವ ಹೇಳಿದ್ದು ಸರಿ.”

ನನಗೆ ಪಿತ್ತ ನೆತ್ತಿಗೇರಿತು. ಆ ದರಿದ್ರ ಮುಚ್ಚಳವನ್ನು ಬೀದಿಗೆ ಬಿಸಾಕಿಯೇ ಬರುತ್ತೇನೆಂದು ಹಿಂದಿನ ಕೋಣೆಗೆ ನುಗ್ಗಿ ಎತ್ತಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇನ್ನೊಂದು ಸಲ ಎತ್ತಿದೆ. ಸೊಂಟದಲ್ಲಿ ಏನೋ ಲಟಕ್ಕೆಂದಿತು.

“ಭಾವಾ!”

ಪೇಪರ್ ಹಿಡಿದುಕೊಂಡೇ ಬಂದರು. ಬಗ್ಗಿ ನಿಂತಿದ್ದ ನನ್ನನ್ನು ನೋಡಿದರು, ಮುಚ್ಚಳ ನೋಡಿದರು. ಅಂಚನ್ನು ಹೆಬ್ಬೆರಳಲ್ಲಿ ಒತ್ತಿದರು. ನೀರು ಜಿನುಗಿತು. ಇಬ್ಬರೂ ಸೇರಿ ತಕ್ಕಡಿಗೆ ನೇತುಹಾಕಿದೆವು, ಅಂದರೆ ಅವರು ಹಾಕಿದರು, ನಾನು ನರಳಿದೆ. ಮುಳ್ಳು ಇಪ್ಪತ್ಮೂರಕ್ಕೆ ನಿಂತಿತು.

ಭಾವ ಅಂಚಿನ ‘೮ ಕೆಜಿ’ ಓದಿ, ಮುಚ್ಚಳದ ಮೇಲಿನ ಹಾಳೆಯನ್ನು ಬೆರಳಲ್ಲಿ ತಟ್ಟಿದರು.

“ಹಾಳೆ ಹೊರಗಡೆ ಹಾಕಿದ್ದೀನಿ,” ಎಂದರು.

“ಹಾಕಿದ್ರೆ ಏನೀಗ?”

“ಕೋಲ್ಡ್ ಸ್ಟೋರೇಜಲ್ಲಿ ತೇವ ಬರೋದು ಹೊರಗಿಂದ. ಅದಕ್ಕೆ ಹಾಳೆ ಹೊರಗೆ. ಇಲ್ಲಿ ಆವಿ ಬರೋದು ನೀರಿಂದ, ಹಾಳೆ ನೀರಿನ ಕಡೆ ಇರಬೇಕಿತ್ತು. ಆವಿಯೆಲ್ಲ ಥರ್ಮೋಕೋಲ್ ಒಳಗೆ ಸೇರಿ ಅಲ್ಲೇ ನೀರಾಗಿದೆ. ಒದ್ದೆ ಥರ್ಮೋಕೋಲ್ ಬಿಸಿ ಹಿಡಿಯಲ್ಲ.” ಒದ್ದೆ ಕೈ ಒರೆಸಿಕೊಂಡರು. “ಮೂವತ್ತೊಂದು ವರ್ಷ ಹೊರಗೇ ಹಾಕಿದ ಕೈ ಇದು. ನಾನು ಯೋಚನೆನೇ ಮಾಡಲಿಲ್ಲ.”

ಪೇಪರ್ ಮಡಿಚಿ ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಗೆ ನಡೆದರು. ನಾನು ಗೋಡೆ ಹಿಡಿದುಕೊಂಡು ಹಿಂದೆ ಹೋದೆ. ಈ ದೃಶ್ಯ ತಪ್ಪಿಸಿಕೊಳ್ಳುವಷ್ಟು ಸೊಂಟ ನೋಯುತ್ತಿರಲಿಲ್ಲ.

“ನಿನ್ನ ಕೈ ಸರಿಯಾಗೇ ಇದೆ,” ಎಂದರು ಅಕ್ಕನಿಗೆ. “ಮುಚ್ಚಳ ನೀರು ಕುಡಿದಿದೆ. ಇಪ್ಪತ್ಮೂರು ಕೆಜಿ ಆಗಿದೆ. ತಪ್ಪು ನಂದು.”

ಅಕ್ಕ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

“ಅಂದ್ರೆ ಇಷ್ಟು ದಿನ ಅಷ್ಟು ಭಾರ ನಾನು ಎತ್ತಿದ್ನಾ?”

“ಇವತ್ತು ಬೆಳಿಗ್ಗೆನೂ ಎತ್ತಿದ್ದೀಯ.”

“ಈ ಕೈಲಿ?”

“ಅದೇ ಕೈಲಿ.”

ಅಕ್ಕ ಅಂಗೈ ಬಿಚ್ಚಿ ಒಂದು ಸಲ, ಮಗುಚಿ ಒಂದು ಸಲ ನೋಡಿಕೊಂಡಳು. ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಂಡು, “ಹಾಗಾದ್ರೆ ಹೋಗಿ ಕೋಟು ತಗೊಂಬನ್ನಿ,” ಎಂದಳು.

ಭಾವ ಚಪ್ಪಲಿ ಮೆಟ್ಟಿ ಹೊರಟರು. ಗಂಟನ್ನು ಹೆಗಲ ಮೇಲೆ ಹೊತ್ತು ಬರುವಾಗ ಬಾಗಿಲಲ್ಲಿ ಕಾರ್ಯದರ್ಶಿ ಸಿಕ್ಕಿ, ಈಗ ಎಷ್ಟು ಡಿಗ್ರಿ ಎಂದು ಕೇಳಿದರು. “ಮೂವತ್ನಾಲ್ಕು. ಮುಚ್ಚಳ ತಪ್ಪಾಗಿ ಮಾಡಿದ್ದೆ,” ಎಂದರು ಭಾವ.

ಹೊಸ ಮುಚ್ಚಳದಲ್ಲಿ ಹಾಳೆ ನೀರಿನ ಕಡೆಗಿದೆ. ಮೇಲಿನ ಬಟ್ಟೆಯನ್ನು ಅಕ್ಕನೇ ಹೊಲಿದು, ಭಾವ ಬೇಕೆಂದಾಗ ಬಿಚ್ಚಿ ಒಳಗಿನ ತೇವ ನೋಡಲಿ ಎಂದು ಆರು ಕಾಜಾ ಹಾಕಿ ಗುಂಡಿ ಕೂರಿಸಿದ್ದಾಳೆ. ನೀರು ಮತ್ತೆ ಮೂವತ್ತೇಳೂವರೆಗೆ ನಿಂತಿದೆ. ಆದರೂ ಭಾವನಿಗೆ ನಂಬಿಕೆಯಿಲ್ಲ, ಪ್ರತಿ ಭಾನುವಾರ ತಕ್ಕಡಿ ಇಳಿಸುತ್ತಾರೆ. ಅವರು ಕೊಕ್ಕೆ ಸರಿಮಾಡಿ, ಕನ್ನಡಕ ಹುಡುಕಿ, ಮುಳ್ಳು ನಿಲ್ಲಲೆಂದು ಕಾಯುತ್ತಿರುವಷ್ಟರಲ್ಲಿ ಅಕ್ಕ ಮುಚ್ಚಳದ ತಳಕ್ಕೆ ಕೈ ಕೊಟ್ಟು ಒಂದು ಸಲ ಎತ್ತಿ ನೋಡುತ್ತಾಳೆ.

“ಎಂಟೇ ಇದೆ,” ಎನ್ನುತ್ತಾಳೆ. “ಬರ್ಕೊಳ್ಳಿ.”